ಟೆಲಿವಿಷನ್ ರೆಕಾರ್ಡರು: ಕಂಪ್ಯೂಟರೋ, ಬಿಡಿ ಪೆಟ್ಟಿಗೆಯೋ?

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತು ನೋಡಿದವರಿಗೆ ಕಪಿಲಾ ನದಿಯು ಕಲಿಸುವ ಪಾಠವೊಂದುಂಟು. ನಮ್ಮ ಕಾಲನ್ನು ತೊಳೆದು ಮುಂದೆ ಹೋದ ನೀರು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದೇ ಹೊರತು ಮತ್ತೆ ಅದೇ ಮೆಟ್ಟಿಲಿಗೆ ಬರುವುದಿಲ್ಲ. ಆಕಾಶಮಾರ್ಗವಾಗಿ ಬರುವ ಮಾತು ಮತ್ತು ಚಿತ್ರಗಳ ಗತಿಯೂ ಬಹುಕಾಲ ಹೀಗೆಯೇ ಇದ್ದಿತು. 1935ರ ಸೆಪ್ಟೆಂಬರ್ 10ರಂದು, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಅಂದು ಕೇಳಿದವರಿಗೆ ಕೇಳಿದಷ್ಟೇ ಲಾಭ. ಆ ಹೊತ್ತಿಗೆ ರೇಡಿಯೋವಿನ ಮುಂದೆ ಇಲ್ಲದವನ ಪಾಲಿಗೆ ಅದು ಹರಿದುಹೋದ ನೀರು.

ಈಗಿನ ಸ್ಥಿತಿ ಹಾಗಲ್ಲ. ಹರಿಯುವುದನ್ನು ಹಿಡಿದು, ಬೇಕಾದಾಗ ಮತ್ತೆ ನೋಡುವ ಉಪಾಯವು ಸಾಮಾನ್ಯ ಸಂಸಾರದ ಕೈಗೂ ಎಟಕುವಂತಿದೆ. ಈ ಉಪಾಯಕ್ಕೆ ಎರಡು ದಾರಿಗಳು. ಒಂದು, ಕಂಪ್ಯೂಟರಿಗೆ ಟಿ.ವಿ. ಕಾರ್ಡನ್ನು ಜೋಡಿಸಿ ಅದರಿಂದಲೇ ರೆಕಾರ್ಡು ಮಾಡಿಸುವುದು. ಇನ್ನೊಂದು, ಅದೇ ಕೆಲಸಕ್ಕೆಂದು ಮಾಡಿದ ಬಿಡಿ ಪೆಟ್ಟಿಗೆಯನ್ನು ಟಿ.ವಿ.ಗೆ ಜೋಡಿಸುವುದು. ಇವೆರಡರಲ್ಲಿ ಯಾವುದನ್ನು ಆರಿಸಬೇಕೆಂಬುದೇ ಈ ಲೇಖನದ ವಿಷಯ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಪುಟಗಳೇಕೆಂದು ವಾಚಕರು ನಗಬಾರದು. ನಮ್ಮ ಮನೆಯಲ್ಲಿ ನನ್ನ ಎಸ್.ಎಸ್.ಎಲ್.ಸಿ. ಪಾಠಗಳೂ, ಇನ್ನೆಂದೂ ಕೇಳಲಾಗದ ಒಂದು ಕಂಠವೂ ಈ ಪ್ರಶ್ನೆಗೆ ಸಿಕ್ಕಿಕೊಂಡಿದ್ದುವು.

ಎರಡು ಕುಲಗಳ ಹಿನ್ನೆಲೆ

ಟೆಲಿವಿಷನ್ ಚಿತ್ರವನ್ನು ಟೇಪಿನ ಮೇಲೆ ಹಿಡಿಯುವ ಯಂತ್ರವನ್ನು ಅಮೆರಿಕದ ಆಂಪೆಕ್ಸ್ ಕಂಪೆನಿಯು 1956ರಲ್ಲಿ ಪ್ರದರ್ಶಿಸಿತು. ಅದರ ಟೇಪು ಎರಡು ಅಂಗುಲ ಅಗಲವಾಗಿದ್ದಿತು. ಕೊಳ್ಳುವ ಶಕ್ತಿಯಿದ್ದುದು ದೊಡ್ಡ ಪ್ರಸಾರ ಸಂಸ್ಥೆಗಳಿಗೆ ಮಾತ್ರ. 1975ರಲ್ಲಿ ಸೋನಿ ಕಂಪೆನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆ.ವಿ.ಸಿ. ಕಂಪೆನಿಯ ವಿ.ಎಚ್.ಎಸ್. ಬಂದ ಮೇಲೆ ಈ ವಿದ್ಯೆ ಮನೆಗಳನ್ನು ಪ್ರವೇಶಿಸಿತು. ನಮ್ಮ ಕಡೆ ಹಿರಿಯರು ಮದುವೆಯ ಕ್ಯಾಸೆಟ್ಟುಗಳನ್ನು ಹಾಕಿ ನೋಡುತ್ತಿದ್ದ ವಿ.ಸಿ.ಆರ್. ಈ ಕುಲದ್ದೇ. 1999ರಲ್ಲಿ ಅಮೆರಿಕದಲ್ಲಿ ಟೇಪಿನ ಬದಲು ಹಾರ್ಡ್ ಡಿಸ್ಕಿನ ಮೇಲೆ ಬರೆಯುವ ಟಿವೋ ಮುಂತಾದ ಪೆಟ್ಟಿಗೆಗಳು ಮಾರಾಟಕ್ಕೆ ಬಂದುವು. ಇದು ಬಿಡಿ ಪೆಟ್ಟಿಗೆಯ ವಂಶ.

ಕಂಪ್ಯೂಟರಿನ ವಂಶವೂ ಸರಿಸುಮಾರಾಗಿ ಅದೇ ಕಾಲದ್ದು. 2002ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ಟಿ.ವಿ. ನೋಡಲು ಮತ್ತು ರೆಕಾರ್ಡು ಮಾಡಲು ಅನುಕೂಲವಾದ ‘ಮೀಡಿಯಾ ಸೆಂಟರ್’ ಎಂಬ ವಿಂಡೋಸನ್ನು ತಂದಿತು. ಅದೇ ವರ್ಷ ‘ಮಿಥ್ ಟಿ.ವಿ.’ ಎಂಬ ಉಚಿತ ತಂತ್ರಾಂಶವೂ ಆರಂಭವಾಯಿತು. ಮೀಡಿಯಾ ಸೆಂಟರನ್ನು 2015ರಲ್ಲಿ ಬಂದ ವಿಂಡೋಸ್ 10ರಿಂದ ತೆಗೆದುಹಾಕಲಾಯಿತು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಇಂದು ನಾವು ನಂಬಿದ ಸಾಧನವನ್ನು ನಾಳೆ ಅದರ ಒಡೆಯನೇ ಕೈಬಿಡಬಹುದು.

ನಮ್ಮ ರಾಜ್ಯದಲ್ಲಿ ಟೆಲಿವಿಷನ್ನು ಪಾಠ ಹೇಳತೊಡಗಿದುದು ಇಂದು ನಿನ್ನೆಯಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳನ್ನು ಕಳುಹಿಸುವ ‘ಸೈಟ್’ ಪ್ರಯೋಗವು ನಡೆಯಿತು. ಕರ್ನಾಟಕವೂ ಅವುಗಳಲ್ಲಿ ಒಂದು. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರವು ಆರಂಭವಾಯಿತು. 2004ರಲ್ಲಿ ದೂರದರ್ಶನವು ತನ್ನ ಉಚಿತ ಡಿಶ್ ಸೇವೆಯನ್ನು ತೆರೆಯಿತು. ಇಂದು ಅದಕ್ಕೆ ಡಿ.ಡಿ. ಫ್ರೀ ಡಿಶ್ ಎಂದು ಹೆಸರು. ಡಿಶ್ಶನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರೆ ತಿಂಗಳ ಬಾಡಿಗೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ನಮ್ಮಂತಹ ಮನೆಗಳ ಸೂರಿನ ಮೇಲೆ ಕಾಣುವುದು ಹೆಚ್ಚಾಗಿ ಇದೇ ಡಿಶ್ಶು.

ಹಿಡಿಯುವುದು ಬೇರೆ, ಕಾಯ್ದಿಡುವುದು ಬೇರೆ

ರೆಕಾರ್ಡರಿನಿಂದ ನಾವು ಎರಡು ಕೆಲಸಗಳನ್ನು ನಿರೀಕ್ಷಿಸುತ್ತೇವೆ. ಮೊದಲನೆಯದು, ಸರಿಯಾದ ಹೊತ್ತಿಗೆ ತಪ್ಪದೆ ಹಿಡಿಯುವುದು. ಎರಡನೆಯದು, ಹಿಡಿದುದನ್ನು ವರ್ಷಗಳ ಕಾಲ ಕಾಯ್ದಿಡುವುದು. ರಾಗಿಯನ್ನು ಕಣದಲ್ಲಿ ಒಕ್ಕಣೆ ಮಾಡುವುದೇ ಬೇರೆ, ಕಣಜಕ್ಕೆ ತುಂಬಿ ಹುಳು ಹಿಡಿಯದಂತೆ ನೋಡಿಕೊಳ್ಳುವುದೇ ಬೇರೆ. ಕೊಳ್ಳುವ ಮುನ್ನ ಈ ಎರಡನ್ನೂ ಬೇರ್ಪಡಿಸಿ ಯೋಚಿಸದಿದ್ದುದರಿಂದಲೇ ನಮ್ಮ ಮನೆಯವರು ಎರಡು ಸಲ ಎಡವಿದೆವು. ಆ ಎರಡನ್ನೂ ಇಲ್ಲಿ ಕ್ರಮವಾಗಿ ನಿವೇದಿಸುತ್ತೇನೆ.

ನಮ್ಮ ಊರು ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿದೆ. 2020ರಲ್ಲಿ ಕೊರೋನಾ ರೋಗದಿಂದ ಶಾಲೆಗಳು ಮುಚ್ಚಿದಾಗ ಪ್ರೌಢಶಾಲೆಯ ಪಾಠಗಳು ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರಸಾರವಾಗತೊಡಗಿದುವು. ಆಗ ನಾನು ಹತ್ತನೆಯ ತರಗತಿ. ಪಾಠವು ಬರುವುದು ಹಗಲಿನಲ್ಲಿ. ಅದೇ ಕಾಲದಲ್ಲಿ ನಾಲೆಯ ಬಯಲಿನಲ್ಲಿ ಭತ್ತದ ನಾಟಿ. ಅಪ್ಪನ ಗೂಡ್ಸ್ ಆಟೋ ನಿಂತುಹೋಗಿ ತಿಂಗಳುಗಳಾಗಿದ್ದುವು. ಆದುದರಿಂದ ಅವ್ವನೊಡನೆ ನಾನೂ ನಾಟಿಗೆ ಹೋಗುತ್ತಿದ್ದೆ. ಮನೆಯಲ್ಲಿ ಉಳಿಯುತ್ತಿದ್ದವರು ಚಿಕ್ಕವಳಾದ ತಂಗಿ ಮತ್ತು ತಾತ. ಮನೆಗಿದ್ದ ಒಂದೇ ಸ್ಮಾರ್ಟ್‌ಫೋನು ಅಪ್ಪನ ಜೇಬಿನಲ್ಲಿ ಹೋಗುತ್ತಿದ್ದಿತು.

ಹಗಲಿನ ಪಾಠವನ್ನು ರಾತ್ರಿಗೆ ಇಟ್ಟುಕೊಳ್ಳಬೇಕೆಂಬುದು ನನ್ನ ಹಂಬಲ. ಮೈಸೂರಿನಲ್ಲಿರುವ ಚಿಕ್ಕಪ್ಪನು ಹಳೆಯದೊಂದು ಕಂಪ್ಯೂಟರನ್ನು ಟಿ.ವಿ. ಕಾರ್ಡಿನ ಸಮೇತ ಕೊಟ್ಟನು. ಮನೆಗೆ ಕಂಪ್ಯೂಟರು ಬಂದುದೇ ನನಗೆ ಹೆಮ್ಮೆ. ಅದನ್ನು ಕಂಡು ಅವ್ವ ಕೇಳಿದುದು ಒಂದೇ ಮಾತು: “ನೀ ಗದ್ದೆಗ್ ಬಂದ್ಮೇಲೆ ಇದ ನೋಡ್ಕೊಳೋರ್ ಯಾರವ್ವ?” ನಾನು ಆ ಪ್ರಶ್ನೆಗೆ ಕಿವಿಗೊಡಲಿಲ್ಲ. ರೆಕಾರ್ಡರನ್ನು ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ ಎಂದು ಈಗ ತಿಳಿದಿದೆ.

ಕಂಪ್ಯೂಟರು ಹಿಡಿದ ಬಗೆ

ಮೊದಲ ತೊಡಕು ಟಿ.ವಿ. ಕಾರ್ಡಿನದು. ಆಕಾಶದಿಂದಲೋ ಕೇಬಲ್ಲಿನಿಂದಲೋ ಬರುವ ಹಲವು ವಾಹಿನಿಗಳ ನಡುವೆ ಒಂದನ್ನು ಹೆಕ್ಕಿ ತೆಗೆಯುವ ಅಂಗಕ್ಕೆ ಟ್ಯೂನರು ಎಂದು ಹೆಸರು. ಹಳೆಯ ಕಾರ್ಡುಗಳ ಟ್ಯೂನರು ಹಳೆಯ ಕಾಲದ ಅನಲಾಗ್ ಸಂಕೇತವನ್ನು ಮಾತ್ರ ಬಲ್ಲದು. ಆದರೆ ಕೇಬಲ್ ಟಿ.ವಿ.ಯು ಹಂತ ಹಂತವಾಗಿ ಡಿಜಿಟಲ್ ಆಯಿತು. ಮೈಸೂರು ನಗರಕ್ಕೆ ಆ ಸರದಿ 2013ರಲ್ಲಿಯೇ ಬಂದಿತು. ದೂರದರ್ಶನದ ಗೋಪುರಗಳಿಂದ ಬರುತ್ತಿದ್ದ ಅನಲಾಗ್ ಪ್ರಸಾರವೂ 2022ರ ಮಾರ್ಚಿಯ ವೇಳೆಗೆ ಬಹುಮಟ್ಟಿಗೆ ನಿಂತಿತು. ಆದುದರಿಂದ ಇಂಥ ಕಾರ್ಡು ಇಂದು ತಾನಾಗಿ ಏನನ್ನೂ ಹಿಡಿಯಲಾರದು. ಡಿಶ್ಶಿನ ತಂತಿಯನ್ನು ನೇರವಾಗಿ ಸೇರಿಸಬಲ್ಲ ಡಿಜಿಟಲ್ ಕಾರ್ಡುಗಳು ಬೇರೆಯೇ ಇವೆ. ನಮ್ಮದು ಹಳೆಯದು. ಹೀಗಾಗಿ ಸೆಟ್‌ಟಾಪ್ ಬಾಕ್ಸಿನಿಂದ ಹಳದಿ, ಕೆಂಪು, ಬಿಳಿ ತಂತಿಗಳನ್ನು ಎಳೆದು ಕಾರ್ಡಿನ ಹಿಂಭಾಗಕ್ಕೆ ಸೇರಿಸಿದೆವು. ಎಂದರೆ ಎರಡು ಯಂತ್ರಗಳೂ ಏಕಕಾಲಕ್ಕೆ ಎಚ್ಚರವಾಗಿರಬೇಕು, ಬಾಕ್ಸು ಚಂದನದಲ್ಲಿಯೇ ನಿಂತಿರಬೇಕು. ತಂಗಿ ವಾಹಿನಿಯನ್ನು ಬದಲಿಸಿದರೆ ಗಣಿತದ ಪಾಠದ ಜಾಗದಲ್ಲಿ ಸಿನಿಮಾ ಹಾಡು ಕುಳಿತಿರುವುದು.

ಎರಡನೆಯ ತೊಡಕು ಕಂಪ್ಯೂಟರಿನ ಸ್ವಭಾವದ್ದು. ಅದು ನೂರು ಕೆಲಸಗಳನ್ನು ಬಲ್ಲ ಯಂತ್ರ; ಆದುದರಿಂದ ನೂರು ಕಡೆ ಮನಸ್ಸು. ಒಂದು ದಿನ ಯಾರೂ ಮುಟ್ಟಲಿಲ್ಲವೆಂದು ತಾನಾಗಿ ನಿದ್ರೆ ಹೋಗಿದ್ದಿತು. ಇನ್ನೊಂದು ದಿನ ಪಾಠದ ನಡುವೆಯೇ ತನ್ನನ್ನು ತಾನು ನವೀಕರಿಸಿಕೊಳ್ಳಲು ಮತ್ತೆ ಆರಂಭವಾಗಿದ್ದಿತು. ಮತ್ತೊಂದು ದಿನ ಕರೆಂಟು ಹೋಗಿ ಹತ್ತು ನಿಮಿಷಕ್ಕೆ ಬಂದಿತು. ಸೆಟ್‌ಟಾಪ್ ಬಾಕ್ಸು ಒಡನೆ ಎದ್ದು ಕೂತಿತು. ಕಂಪ್ಯೂಟರು ಮಾತ್ರ ಯಾರಾದರೂ ಗುಂಡಿ ಒತ್ತುವರೆಂದು ಸಂಜೆಯವರೆಗೆ ಕಾಯುತ್ತಿದ್ದಿತು. ಕರೆಂಟು ಬಂದೊಡನೆ ತಾನಾಗಿ ಏಳುವಂತೆ ಅದರ ಒಳವ್ಯವಸ್ಥೆಯಲ್ಲಿ ಬದಲಿಸಬಹುದೆಂದು ನನಗೆ ತಿಳಿದುದು ಎರಡು ವರ್ಷಗಳ ಅನಂತರ.

ನಾನು ತಾತನಿಗೆ ಕಲಿಸಲು ನೋಡಿದೆ. ತಾತನಿಗೆ ಅಕ್ಷರ ಬಾರದು. ಅವರು ನೀಲಗಾರರ ಮೇಳದಲ್ಲಿ ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಗಳನ್ನು ರಾತ್ರಿಯಿಡೀ ಹಾಡುತ್ತಿದ್ದವರು. ಅಂಥವರಿಗೆ ನಾನು ಹೇಳಿದ ಹನ್ನೊಂದು ಹೆಜ್ಜೆಗಳು ಒಂದು ಹೊರೆಯಲ್ಲ; ಒಮ್ಮೆ ಕೇಳಿಯೇ ಒಪ್ಪಿಸಿದರು. ಆದರೆ ಪರದೆಯ ಮೇಲೆ ಎಲ್ಲಿಂದಲೋ ಹನ್ನೆರಡನೆಯದೊಂದು ಕಿಟಕಿ ಎದ್ದು ಇಂಗ್ಲಿಷಿನಲ್ಲಿ ಏನನ್ನೋ ಕೇಳಿದರೆ ಅದಕ್ಕೆ ಅವರ ಬಾಯಿಪಾಠದಲ್ಲಿ ಉತ್ತರವಿಲ್ಲ. ಕಥೆ ಹಾಡುವವನಿಗೆ ಮುಂದಿನ ಸಾಲು ಯಾವುದೆಂದು ಗೊತ್ತಿರುತ್ತದೆ. ಕಂಪ್ಯೂಟರಿಗೆ ಆ ನಿಯಮವಿಲ್ಲ. ಹನ್ನೆರಡು ದಿನಗಳಲ್ಲಿ ಪೂರ್ಣವಾಗಿ ದೊರೆತ ಪಾಠಗಳು ನಾಲ್ಕು.

ಬಿಡಿ ಪೆಟ್ಟಿಗೆ ಹಿಡಿದ ಬಗೆ

ಅವ್ವನು ತನ್ನ ನಾಲ್ಕೈದು ದಿನಗಳ ನಾಟಿ ಕೂಲಿಯನ್ನು ಸೇರಿಸಿ, ಪೆನ್‌ಡ್ರೈವಿಗೆ ರೆಕಾರ್ಡು ಮಾಡಬಲ್ಲ ಫ್ರೀ ಡಿಶ್ ಪೆಟ್ಟಿಗೆಯನ್ನು ತಿ. ನರಸೀಪುರದಿಂದ ತರಿಸಿದಳು. ಅದರ ಮುಂಭಾಗದಲ್ಲಿ ಯು.ಎಸ್.ಬಿ. ಕಿಂಡಿ; ರಿಮೋಟಿನಲ್ಲಿ ಒಂದು ಕೆಂಪು ಗುಂಡಿ. ಪಾಠ ಆರಂಭವಾದಾಗ ಒತ್ತಬೇಕು, ಮುಗಿದಾಗ ನಿಲ್ಲಿಸಬೇಕು. ತಾತನಿಗೆ ಇಷ್ಟೇ ಸಾಕಾಯಿತು. ಉಪಾಧ್ಯಾಯರು ಪರದೆಯ ಮೇಲೆ ಕಾಣಿಸಿಕೊಂಡೊಡನೆ ಒತ್ತುವರು. ಕರೆಂಟು ಹೋಗಿ ಬಂದರೆ ಮತ್ತೆ ಒತ್ತುವರು.

ಪೆಟ್ಟಿಗೆಯೂ ದೋಷರಹಿತವಲ್ಲ. ಅದರಲ್ಲಿ ಹೊತ್ತನ್ನು ಮೊದಲೇ ಗೊತ್ತುಮಾಡಿ ಇಡುವ ಟೈಮರ್ ಏರ್ಪಾಡು ಉಂಟು. ಮೊದಲ ಸಲ ನಾನು ಅದನ್ನು ಬಳಸಿದಾಗ ಬೆಳಗಿನ 9.30ರ ಪಾಠದ ಬದಲು ಮಧ್ಯಾಹ್ನ 3 ಗಂಟೆಯ ಕಾರ್ಯಕ್ರಮವು ದೊರೆಯಿತು. ಕಾರಣ ವಿಚಾರಿಸಿದಾಗ ತಿಳಿದುದು ಭೂಗೋಳದ ಪಾಠ. ಉಪಗ್ರಹದ ಸಂಕೇತದೊಡನೆ ಬರುವ ಗಡಿಯಾರವು ಗ್ರೀನ್‌ವಿಚ್ ವೇಳೆಯದು. ಭಾರತದ ವೇಳೆ ಅದಕ್ಕಿಂತ ಐದೂವರೆ ಗಂಟೆ ಮುಂದು. ಪೆಟ್ಟಿಗೆಯಲ್ಲಿ ಈ ವ್ಯತ್ಯಾಸವನ್ನು ಒಮ್ಮೆ ತುಂಬಿದ ಮೇಲೆ ಸರಿಹೋಯಿತು. ಪೆಟ್ಟಿಗೆ ಕೊಂಡ ದಿನವೇ ಅದರ ಗಡಿಯಾರವನ್ನು ಕೈಗಡಿಯಾರದೊಡನೆ ಹೋಲಿಸಿ ನೋಡತಕ್ಕದ್ದು.

ಇನ್ನೊಂದು ಕೊರತೆ, ಟ್ಯೂನರು ಒಂದೇ ಇರುವುದು. ಒಂದು ಪಾಠ ರೆಕಾರ್ಡಾಗುತ್ತಿರುವಾಗ ಮನೆಯವರು ಅದೇ ಪಾಠವನ್ನು ನೋಡುತ್ತಿರಬೇಕು. ಹಗಲಿನಲ್ಲಿ ಇದರಿಂದ ಬಾಧೆಯಿಲ್ಲ; ರಾತ್ರಿ ಅವ್ವನ ಧಾರಾವಾಹಿಯ ಹೊತ್ತಿಗೆ ನಾನು ಬೇರೆ ವಾಹಿನಿಯನ್ನು ಹಿಡಿಯುತ್ತೇನೆಂದರೆ ಮನೆಯಲ್ಲಿ ಯುದ್ಧವೇ. ಸ್ವಂತ ಡಿಜಿಟಲ್ ಕಾರ್ಡುಳ್ಳ ಕಂಪ್ಯೂಟರಿಗೆ, ಡಿಶ್ಶಿನಲ್ಲಿ ಎರಡು ಬಾಯಿಯ ಎಲ್.ಎನ್.ಬಿ.ಯನ್ನು ಹಾಕಿಸಿ ಬೇರೆ ತಂತಿಯನ್ನು ಕೊಟ್ಟರೆ ಈ ಜಗಳವಿಲ್ಲ. ಇದು ಕಂಪ್ಯೂಟರಿನ ಪರವಾದ ನ್ಯಾಯವಾದ ಮಾತು.

ಆ ಸಾಲಿನ ಎಸ್.ಎಸ್.ಎಲ್.ಸಿ. ಪರೀಕ್ಷೆಯು 2021ರ ಜುಲೈ 19 ಮತ್ತು 22ರಂದು, ಎರಡೇ ದಿನ, ಉತ್ತರವನ್ನು ಆರಿಸುವ ರೀತಿಯಲ್ಲಿ ನಡೆಯಿತು. ಬರೆದವರು ಬಹುಮಟ್ಟಿಗೆ ಎಲ್ಲರೂ ತೇರ್ಗಡೆಯಾದರು. ಆದುದರಿಂದ ಪೆಟ್ಟಿಗೆಯ ದೆಸೆಯಿಂದ ನಾನು ತೇರ್ಗಡೆಯಾದೆನೆಂದರೆ ಸುಳ್ಳಾಗುವುದು. ಆದರೆ ಗದ್ದೆಯಿಂದ ಬಂದು ಕೈಕಾಲು ತೊಳೆದು, ತಾತ ಹಿಡಿದಿಟ್ಟ ಪಾಠವನ್ನು ರಾತ್ರಿ ನೋಡುತ್ತ, ತಿಳಿಯದ ಕಡೆ ನಿಲ್ಲಿಸಿ ಮತ್ತೆ ಹಿಂದಕ್ಕೆ ಹೋಗುತ್ತಿದ್ದ ಅಭ್ಯಾಸವು ಶಾಲೆಯ ದಾರಿಯನ್ನು ನನಗೆ ಮರೆಸಲಿಲ್ಲ. ನಮ್ಮ ಊರಿನಲ್ಲಿ ಆ ವರ್ಷ ಗದ್ದೆಗೆ ಹೋದ ಹುಡುಗಿಯರಲ್ಲಿ ಎಲ್ಲರೂ ಮತ್ತೆ ಪುಸ್ತಕಕ್ಕೆ ಮರಳಲಿಲ್ಲ.

ಖರ್ಚಿನ ಲೆಕ್ಕ

ಈಗ ಸ್ವಲ್ಪ ಲೆಕ್ಕವನ್ನು ನೋಡೋಣ. ಹಳೆಯ ಮೇಜಿನ ಕಂಪ್ಯೂಟರು ಪರದೆಯ ಸಮೇತ ಸುಮಾರು 100 ವ್ಯಾಟ್ ಎಳೆಯುವುದೆಂದು ಇಟ್ಟುಕೊಂಡರೆ, ಹತ್ತು ಗಂಟೆಗೆ ಒಂದು ಯೂನಿಟ್ಟು. ಟೈಮರಿಗಾಗಿ ಹಗಲೂ ರಾತ್ರಿಯೂ ಹಾಕಿಯೇ ಇಟ್ಟರೆ ದಿನಕ್ಕೆ 2.4 ಯೂನಿಟ್ಟು, ಮೂವತ್ತು ದಿನಕ್ಕೆ 72 ಯೂನಿಟ್ಟು. ಬಿಡಿ ಪೆಟ್ಟಿಗೆಯು ಸುಮಾರು 10 ವ್ಯಾಟ್ ಎಳೆದರೆ ಅದೇ ಅವಧಿಗೆ 7.2 ಯೂನಿಟ್ಟು ಮಾತ್ರ. ‘ಗೃಹಜ್ಯೋತಿ’ಯಿರುವಾಗ ಈ ಲೆಕ್ಕವೇಕೆಂದು ಕೆಲವರು ಕೇಳಬಹುದು. 2023ರಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ 200 ಯೂನಿಟ್ಟು ಎಂಬುದು ಮೇಲಿನ ಮಿತಿ; ಪ್ರತಿ ಮನೆಗೂ ದೊರೆಯುವುದು ಅದರ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪವನ್ನೇ ಸೇರಿಸಿದಷ್ಟು. ಮೊದಲು ಎರಡು ದೀಪ, ಒಂದು ಟಿ.ವಿ. ಇದ್ದ ಮನೆಗೆ ಒಮ್ಮೆಲೇ 72 ಯೂನಿಟ್ಟು ಸೇರಿದರೆ ಹೆಚ್ಚಿನದಕ್ಕೆ ಹಣ ಕಟ್ಟಲೇಬೇಕು.

ಜಾಗದ ಲೆಕ್ಕವೂ ಕಷ್ಟವಲ್ಲ. ಸಾಮಾನ್ಯ ಗುಣದ ವಾಹಿನಿಯೊಂದು ಸೆಕೆಂಡಿಗೆ ಸುಮಾರು 3 ಮೆಗಾಬಿಟ್ಟುಗಳಂತೆ ಬರುವುದೆಂದು ಹಿಡಿದರೆ, ಒಂದು ಗಂಟೆಗೆ 1.35 ಗಿಗಾಬೈಟು. 32 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಇಪ್ಪತ್ತು ಗಂಟೆಗೂ ಹೆಚ್ಚಿನ ಪಾಠ ಹಿಡಿಸುವುದು. ಆದರೆ ಬಹಳ ಪೆಟ್ಟಿಗೆಗಳು ಬಯಸುವ ಫ್ಯಾಟ್ 32 ಎಂಬ ಹಳೆಯ ಜೋಡಣೆಯಲ್ಲಿ ಒಂದು ಕಡತವು 4 ಗಿಗಾಬೈಟನ್ನು ಮೀರುವಂತಿಲ್ಲ. ಎಂದರೆ ಸುಮಾರು ಮೂರು ಗಂಟೆ. ವಿಜಯದಶಮಿಯ ಜಂಬೂಸವಾರಿಯಂತಹ ದೀರ್ಘ ಪ್ರಸಾರವು ತುಂಡುತುಂಡಾಗಿ ಬಂದರೆ ಯಂತ್ರ ಕೆಟ್ಟಿತೆಂದು ಗಾಬರಿಪಡಬಾರದು.

ಕಾಯ್ದಿಡುವ ಮಾತು

ಇಷ್ಟರವರೆಗೆ ಹೇಳಿದುದರಿಂದ ಬಿಡಿ ಪೆಟ್ಟಿಗೆಯೇ ಗೆದ್ದಿತೆಂದು ವಾಚಕರು ಭಾವಿಸಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ಎರಡನೆಯ ಸಲ ಎಡವಿದುದು ಇಲ್ಲಿ.

2022ರಲ್ಲಿ ತಾತನ ಮೇಳದ ಹಾಡುಗಾರಿಕೆಯು ಟೆಲಿವಿಷನ್ನಿನಲ್ಲಿ ಬಂದಿತು. ಇಪ್ಪತ್ತು ನಿಮಿಷಗಳ ಕಾರ್ಯಕ್ರಮ. ತಾತನ ತಂಬೂರಿ, ಜೊತೆಯವರ ಗಗ್ಗರ, ಡಮ್ಮಡಿ. ನಾವೆಲ್ಲರೂ ಅದನ್ನು ನೋಡಲು ಮೈಸೂರಿನ ಚಿಕ್ಕಪ್ಪನ ಮನೆಗೆ ಹೋದೆವು. ಏಕೆಂದರೆ ಅಲ್ಲಿ ದೊಡ್ಡ ಪರದೆಯ ಟಿ.ವಿ.ಯೂ, ಹಾರ್ಡ್ ಡಿಸ್ಕುಳ್ಳ ಖಾಸಗಿ ಡಿಶ್ ಕಂಪೆನಿಯ ರೆಕಾರ್ಡರೂ ಇದ್ದುವು. ಚಿತ್ರವು ಬಹಳ ಸ್ಪಷ್ಟವಾಗಿ ಬಂದಿತು. ನಮ್ಮ ಸಣ್ಣ ಪೆಟ್ಟಿಗೆಯಲ್ಲಿ ಅಂದು ಯಾರೂ ಕೆಂಪು ಗುಂಡಿಯನ್ನು ಒತ್ತಲಿಲ್ಲ. ಏಕೆಂದರೆ ಅದನ್ನು ಒತ್ತುವವರೇ ಅಂದು ಪರದೆಯ ಮೇಲೆ ಇದ್ದರು, ಮತ್ತು ನಮ್ಮ ಪಕ್ಕದಲ್ಲಿ ಕುಳಿತು ತಮ್ಮನ್ನೇ ನೋಡುತ್ತಿದ್ದರು.

ಮರುವರ್ಷ ಸಿಡಿಲಿನ ಮಳೆಯಲ್ಲಿ ಚಿಕ್ಕಪ್ಪನ ಪೆಟ್ಟಿಗೆ ಸುಟ್ಟುಹೋಯಿತು. ಡಿಸ್ಕು ಮಾತ್ರ ಉಳಿದಿತು. ಹೊಸ ಪೆಟ್ಟಿಗೆಯು ಹಳೆಯ ಡಿಸ್ಕನ್ನು ಓದಲಿಲ್ಲ. ಕಂಪ್ಯೂಟರಿಗೆ ಸೇರಿಸಿದರೆ ಅದು ಕೇಳುವುದು ಒಂದೇ ಪ್ರಶ್ನೆ: ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ? ತಿಳಿದವರು ಕಾರಣವನ್ನು ವಿವರಿಸಿದರು. ಹಣ ತೆತ್ತು ನೋಡುವ ವಾಹಿನಿಗಳು ಮನಸ್ಸು ಬಂದಂತೆ ಹಂಚಿಹೋಗದಿರಲೆಂದು ಇಂಥ ರೆಕಾರ್ಡರುಗಳು ಹಿಡಿದುದನ್ನು ಗುಪ್ತಲಿಪಿಯಲ್ಲಿ ಬರೆಯುತ್ತವೆ. ಬೀಗದ ಕೈ ಇರುವುದು ಆ ಪೆಟ್ಟಿಗೆಯ ಒಳಗೆ ಮಾತ್ರ. ಪೆಟ್ಟಿಗೆ ಸುಟ್ಟರೆ ಕೈಯೂ ಸುಟ್ಟಂತೆಯೇ. ಕಂಪೆನಿಯ ಕಡೆಯಿಂದ ನೋಡಿದರೆ ಇದರಲ್ಲಿ ಅನ್ಯಾಯವಿಲ್ಲ. ಕೊಳ್ಳುವವನಿಗೆ ಇದು ಮೊದಲೇ ತಿಳಿದಿರಬೇಕು, ಅಷ್ಟೆ.

2024ರಲ್ಲಿ ತಾತ ತೀರಿಕೊಂಡರು. ನನ್ನ ಪಾಠಗಳನ್ನೆಲ್ಲ ಹಿಡಿದುಕೊಟ್ಟವರ ಕಂಠವನ್ನು ನಾವು ಹಿಡಿದೂ ಉಳಿಸಿಕೊಳ್ಳಲಾರದೆ ಹೋದೆವು. ಆ ವರ್ಷದ ಗಣಿತದ ಪಾಠಗಳು ಪೆನ್‌ಡ್ರೈವಿನಲ್ಲಿ ಈಗಲೂ ಸುಖವಾಗಿವೆ. ನಮ್ಮ ಕಾಲೇಜಿನ ಕಂಪ್ಯೂಟರಿಗೆ ಸೇರಿಸಿದರೆ ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ ಒಡನೆ ತೆರೆದುಕೊಳ್ಳುತ್ತವೆ. ಅವುಗಳಲ್ಲಿ ಒಂದೆರಡು ಕಡೆ, ಗುಂಡಿ ಒತ್ತುವುದು ತಡವಾಗಿ, ಉಪಾಧ್ಯಾಯರ ಮೊದಲ ಮಾತು ಅರ್ಧದಿಂದ ಆರಂಭವಾಗುತ್ತದೆ. ತಾತನ ಗುರುತಾಗಿ ನನ್ನಲ್ಲಿ ಉಳಿದಿರುವುದು ಆ ತಡವಷ್ಟೇ.

ಆದುದರಿಂದ ಕಾಯ್ದಿಡುವ ಕೆಲಸದಲ್ಲಿ ಕಂಪ್ಯೂಟರೇ ಮೇಲು. ಅದರಲ್ಲಿ ಹಿಡಿದುದು ಸಾಮಾನ್ಯವಾಗಿ ಬೀಗವಿಲ್ಲದ ಕಡತವಾಗಿರುತ್ತದೆ. ಬೇಡದ ಭಾಗವನ್ನು ಕತ್ತರಿಸಬಹುದು, ಹೆಸರು ದಿನಾಂಕಗಳನ್ನು ಬರೆಯಬಹುದು, ಎರಡು ಮೂರು ಪ್ರತಿಗಳನ್ನು ಮಾಡಬಹುದು. ಒಂದು ಯಂತ್ರ ಹಾಳಾದರೆ ಇನ್ನೊಂದರಲ್ಲಿ ತೆರೆಯಬಹುದು. ಪೆನ್‌ಡ್ರೈವೂ ಚಿರಂಜೀವಿಯಲ್ಲವಾದುದರಿಂದ ಮುಖ್ಯವಾದುದನ್ನು ಎರಡು ಕಡೆ ಇಡುವುದು ಕ್ಷೇಮ.

ಕಾನೂನಿನ ಮಾತು

ಹೀಗೆ ಹಿಡಿದಿಡುವುದು ಕಳ್ಳತನವಾಗದೆ ಎಂಬ ಸಂದೇಹವು ನ್ಯಾಯವಾದುದೇ. ಅಮೆರಿಕದಲ್ಲಿ ಚಲನಚಿತ್ರ ಕಂಪೆನಿಗಳು ಸೋನಿಯ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1984ರ ಜನವರಿ 17ರಂದು, ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ, ತೀರ್ಪಿತ್ತಿತು. ಬೇರೆ ಹೊತ್ತಿನಲ್ಲಿ ನೋಡಿಕೊಳ್ಳಲು ಮನೆಯಲ್ಲಿ ರೆಕಾರ್ಡು ಮಾಡುವುದು ತಪ್ಪಲ್ಲವೆಂದು ಅದರ ಸಾರಾಂಶ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಅಧಿನಿಯಮದ 37ನೆಯ ಪ್ರಕರಣವು ಪ್ರಸಾರ ಸಂಸ್ಥೆಗಳಿಗೆ ತಮ್ಮ ಪ್ರಸಾರದ ಮೇಲೆ ವಿಶೇಷ ಹಕ್ಕನ್ನು ಕೊಡುತ್ತದೆ. 39ನೆಯ ಪ್ರಕರಣವು, ರೆಕಾರ್ಡು ಮಾಡಿದವರ ಖಾಸಗಿ ಉಪಯೋಗಕ್ಕಾಗಿ, ಇಲ್ಲವೆ ಪ್ರಾಮಾಣಿಕವಾದ ಬೋಧನೆ ಅಥವಾ ಸಂಶೋಧನೆಗಾಗಿ ಮಾತ್ರವೇ ಮಾಡಿದ ಮುದ್ರಿಕೆಯು ಆ ಹಕ್ಕಿನ ಉಲ್ಲಂಘನೆಯಾಗದೆಂದು ಹೇಳುತ್ತದೆ. ಪ್ರತಿ ಮಾಡಿ ಮಾರುವುದಕ್ಕೂ, ಅಂತರ್ಜಾಲದಲ್ಲಿ ಹಂಚುವುದಕ್ಕೂ ಈ ರಕ್ಷಣೆಯಿಲ್ಲ.

ಅಂತರ್ಜಾಲದಲ್ಲಿ ಎಲ್ಲವೂ ಸಿಗುವಾಗ ರೆಕಾರ್ಡರೇ ಏಕೆ ಎಂದೂ ಸಹಪಾಠಿಗಳು ಕೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅನೇಕ ಪಾಠಗಳು ಯೂಟ್ಯೂಬಿನಲ್ಲಿ ದೊರೆಯುತ್ತವೆ. 2017ರ ಜುಲೈಯಲ್ಲಿ 32 ವಾಹಿನಿಗಳಿಂದ ಆರಂಭವಾದ ‘ಸ್ವಯಂ ಪ್ರಭಾ’ ಸೇವೆಯನ್ನು ರೂಪಿಸಿದುದೇ ದಿನಕ್ಕೆ ನಾಲ್ಕು ಗಂಟೆಗಳ ಹೊಸ ಪಾಠವನ್ನು ಅದೇ ದಿನ ಇನ್ನೂ ಐದು ಸಲ ಮರುಪ್ರಸಾರ ಮಾಡುವಂತೆ. ಹಗಲು ತಪ್ಪಿದವನು ರಾತ್ರಿ ನೋಡಬಹುದು. ಎರಡು ಸಲ ಸುಲಭವಾಗಿ ದೊರೆಯುವುದಕ್ಕೆ ಹಣ ಸುರಿಯುವುದು ಜಾಣತನವಲ್ಲ. ಆದರೆ ಅಂತರ್ಜಾಲದಲ್ಲಿ ಇಂದು ಕಂಡುದು ನಾಳೆ ಇರಲೇಬೇಕೆಂಬ ಕರಾರಿಲ್ಲ. ಇಪ್ಪತ್ತು ನಿಮಿಷಗಳ ನೀಲಗಾರರ ಹಾಡನ್ನು ನಾನು ಬಹಳ ಹುಡುಕಿದೆ. ಅದು ಎಲ್ಲಿಯೂ ಸಿಗಲಿಲ್ಲ.

ಆಯ್ಕೆಯ ಸೂತ್ರಗಳು

ಮೇಲಿನ ವಿಚಾರಗಳಿಂದ ಹೊರಡುವ ಸಾರವನ್ನು ಹೀಗೆ ಸಂಗ್ರಹಿಸಬಹುದು. ದಿನದಿನದ ಪಾಠವನ್ನು ತಪ್ಪದೆ ಹಿಡಿಯಬೇಕಾದ ಮನೆಗೆ, ಅದರಲ್ಲಿಯೂ ಕರೆಂಟು ಹೋಗಿ ಬರುವ ಹಳ್ಳಿಯ ಮನೆಗೆ, ಬಿಡಿ ಪೆಟ್ಟಿಗೆಯೇ ತಕ್ಕುದು. ಮನೆಯಲ್ಲಿ ಹಗಲೆಲ್ಲ ಇರುವವರು ಯಾರೋ ಅವರ ಕೈಗೆ ರಿಮೋಟನ್ನು ಕೊಟ್ಟು ನೋಡಬೇಕು. ಅವರಿಗೆ ಸುಲಭವಾದುದೇ ಒಳ್ಳೆಯ ಯಂತ್ರ. ಹಿಡಿದುದನ್ನು ಕತ್ತರಿಸಿ, ಹೆಸರಿಟ್ಟು, ಬಹುಕಾಲ ಉಳಿಸಬೇಕೆನ್ನುವವರಿಗೆ ಕಂಪ್ಯೂಟರು ಬೇಕೇ ಬೇಕು. ಆದರೆ ಅದು ಮನೆಯಲ್ಲಿಯೇ ಇರಬೇಕಾಗಿಲ್ಲ. ಪೆಟ್ಟಿಗೆಯನ್ನು ಕೊಳ್ಳುವಾಗ ಅಂಗಡಿಯಲ್ಲಿಯೇ ಐದು ನಿಮಿಷ ರೆಕಾರ್ಡು ಮಾಡಿಸಿ, ಪೆನ್‌ಡ್ರೈವನ್ನು ಕಿತ್ತು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆದರೆ ಕೊಳ್ಳಿರಿ, ತೆರೆಯದಿದ್ದರೆ, ಹಿಡಿದುದು ನಿಮ್ಮದಲ್ಲ, ಪೆಟ್ಟಿಗೆಯದು ಎಂದು ತಿಳಿಯಿರಿ.

ಇಲ್ಲಿ ನಮ್ಮ ಕಾಲೇಜಿಗೂ ಒಂದು ವಿನಂತಿಯುಂಟು. ಗ್ರಂಥಾಲಯದಲ್ಲಿ ಒಂದು ಉಚಿತ ಡಿಶ್ಶು, ಒಂದು ಸಣ್ಣ ಪೆಟ್ಟಿಗೆ, ಮೂಲೆಯಲ್ಲಿರುವ ಹಳೆಯ ಕಂಪ್ಯೂಟರುಗಳಲ್ಲಿ ಒಂದು, ಇಷ್ಟಿದ್ದರೆ ಸಾಕು. ಪೆಟ್ಟಿಗೆಯು ಹಿಡಿಯಲಿ, ಕಂಪ್ಯೂಟರು ಕಾಯ್ದಿಡಲಿ. ಪ್ರತಿ ವರ್ಷ ಇಬ್ಬರು ವಿದ್ಯಾರ್ಥಿಗಳು ಅದರ ಹೊಣೆ ಹೊತ್ತರೆ, ಇತಿಹಾಸ, ಕನ್ನಡ, ಅರ್ಥಶಾಸ್ತ್ರಗಳ ಒಳ್ಳೆಯ ಉಪನ್ಯಾಸಗಳು, ಹಗಲು ಕೂಲಿಗೆ ಹೋಗಿ ತರಗತಿ ತಪ್ಪಿಸಿಕೊಂಡವರಿಗೂ ದೊರೆಯುವುವು. ಬೋಧನೆಗಾಗಿ ಮಾತ್ರ ಎಂಬ ಕಾನೂನಿನ ಗೆರೆಯನ್ನು ದಾಟದಿದ್ದರೆ ಸರಿ.

ಸಹಪಾಠಿಗಳಲ್ಲಿ ಇನ್ನೊಂದು ಮಾತು. ನಂಜನಗೂಡು, ತಿ. ನರಸೀಪುರದ ಹಳ್ಳಿಗಳಲ್ಲಿ ಹಾಡುವ ತಾತಂದಿರೂ ಕಥೆ ಹೇಳುವ ಅಜ್ಜಿಯರೂ ಇನ್ನೂ ಇದ್ದಾರೆ. ಅವರನ್ನು ಟೆಲಿವಿಷನ್ನಿನವರು ಕರೆಯುವವರೆಗೆ ಕಾಯಬೇಕಾಗಿಲ್ಲ. ನಮ್ಮ ಜೇಬಿನ ಫೋನಿನಲ್ಲಿಯೇ, ಅವರ ಒಪ್ಪಿಗೆ ಪಡೆದು, ಇವತ್ತೇ ಹಿಡಿದು, ಎರಡು ಪ್ರತಿ ಮಾಡಿ ಇಡೋಣ.

ಚಿಕ್ಕಪ್ಪನ ಆ ಡಿಸ್ಕು ನಮ್ಮ ಮನೆಯ ಗೋಡೆಗೂಡಿನಲ್ಲಿ ತಂಬೂರಿಯ ಪಕ್ಕದಲ್ಲಿದೆ. ಅದನ್ನು ಇನ್ನೂ ಯಾರೂ ಫಾರ್ಮ್ಯಾಟ್ ಮಾಡಿಲ್ಲ.